ನಲವತ್ತೆಂಟಕ್ಕೆ ಸೈಕಲು ಕಲಿಯಬಹುದೇ?

ಹೆಸರು ಹಾಕಬೇಡಿ ಎಂದು ಕಾಗದದ ಕೊನೆಗೆ ಬರೆದು, ಅಡಿಯಲ್ಲಿ ಎರಡು ಗೆರೆ ಬೇರೆ ಎಳೆದಿದ್ದೀರಿ. ಹಾಗಾಗಿ ಅಕ್ಕ ಎಂದೇ ಕರೆಯುತ್ತೇನೆ.

ಉಳಿದ ಓದುಗರಿಗೂ ವಿಷಯ ತಿಳಿಯಲಿ. ಅಕ್ಕನ ಮನೆ ಕೇರಳದ ಗಡಿನಾಡು ಕಾಸರಗೋಡಿನ ಮಧೂರಿನ ಹತ್ತಿರ, ಮಧುವಾಹಿನಿ ಹೊಳೆಯ ಬದಿ. ಮೊದಲು ಕಂಗಿನ (ಅಡಿಕೆಯ) ತೋಟವಾಗಿದ್ದ ಜಾಗದಲ್ಲಿ ಈಗ ಸಾಲು ಮನೆಗಳು ಎದ್ದಿವೆ. ಕೆಲಸದ ಜಾಗಕ್ಕೆ ಎರಡು ಕಿಲೋಮೀಟರು. ಒಳರಸ್ತೆಯಾದ್ದರಿಂದ ಬಸ್ಸಿಲ್ಲ, ದಿನಾ ರಿಕ್ಷಾ ಹಿಡಿದರೆ ಸಂಬಳ ಉಳಿಯುವುದಿಲ್ಲ. ಮದುವೆಯಾಗಿ ಹೋದ ಮಗಳ ಸೈಕಲು ಕೊಟ್ಟಿಗೆಯಲ್ಲಿದೆ. ಕಲಿಯುತ್ತೇನೆ ಎಂದದ್ದಕ್ಕೆ ಮನೆಯವರು ನಕ್ಕು, ಈ ಪ್ರಾಯದಲ್ಲಿ ಬೇಡ, ಬೇಕಾದರೆ ಸ್ಕೂಟರು ಕಲಿ ಎಂದರಂತೆ. 48ಕ್ಕೆ ಕಲಿಯಲಾದೀತೇ, ಸೀರೆಯಲ್ಲಿ ಹೇಗೆ, ಹೊಳೆಬದಿಯ ರಸ್ತೆಯನ್ನು ನಂಬಬಹುದೇ ಎಂಬುದು ಅಕ್ಕನ ಪ್ರಶ್ನೆಗಳು.

ಕಲಿಯಬಹುದು. ಇದನ್ನು ಧೈರ್ಯ ತುಂಬಲು ಹೇಳುತ್ತಿಲ್ಲ, ಕಲಿಸಿ ನೋಡಿದ್ದೇನೆ.

ನನ್ನ ಅತ್ತಿಗೆ ಕಲಿತದ್ದು ನಲವತ್ತೊಂದರಲ್ಲಿ, ಅಡಿಕೆ ಒಣಗಿಸುವ ಅಂಗಳದಲ್ಲಿ. ಮೊದಲೆರಡು ದಿನ ನಾನು ಎಲ್ಲರೂ ಮಾಡುವಂತೆ ಹಿಂದಿನಿಂದ ಕ್ಯಾರಿಯರ್ ಹಿಡಿದು ಓಡಿದೆ. ಅದು ತಪ್ಪು. ಸಮತೋಲ ನನ್ನ ಕೈಯಲ್ಲಿತ್ತು, ಅವರು ಕಲಿತದ್ದು ನನ್ನನ್ನು ನಂಬಲು ಮಾತ್ರ. ಮೂರನೇ ದಿನ ಸೈಕಲು ಅಂಗಡಿಯವರ ಮಾತು ಕೇಳಿ ಎರಡೂ ಪೆಡಲು ಬಿಚ್ಚಿದೆವು. ಹದಿನೈದು ಮಿಲಿಮೀಟರಿನ ಸ್ಪ್ಯಾನರ್ ಸಾಕಾಗುತ್ತದೆ. ಆದರೆ ಎಡಗಡೆಯ ಪೆಡಲು ಉಲ್ಟಾ, ಅದನ್ನು ಬಿಚ್ಚಲು ಗಡಿಯಾರದ ಮುಳ್ಳು ಹೋಗುವ ಕಡೆಗೇ ತಿರುಗಿಸಬೇಕು. ಇದು ಗೊತ್ತಿಲ್ಲದೆ ಎಷ್ಟೋ ಮಂದಿ ಬಿಚ್ಚಲು ಹೋಗಿ ಬಿಗಿ ಮಾಡಿ ಕೂರುತ್ತಾರೆ. ಆಮೇಲೆ ಎರಡೂ ಪಾದ ನೆಲಕ್ಕೆ ಪೂರ್ತಿ ಊರುವಷ್ಟು ಸೀಟು ಇಳಿಸಿದೆವು.

ನಮ್ಮ ಕಡೆಯ ಅಂಗಳಕ್ಕೆ ನೀರು ಹರಿದುಹೋಗಲೆಂದು ಸಣ್ಣ ಇಳಿಜಾರು ಕೊಟ್ಟಿರುತ್ತಾರಲ್ಲ, ಅದೇ ಕೆಲಸಕ್ಕೆ ಬಂತು. ಅತ್ತಿಗೆ ಸೀಟಿನಲ್ಲಿ ಕೂತು, ನೆಲವನ್ನು ಕಾಲಲ್ಲಿ ಒದ್ದುಕೊಂಡು ಕೆಳಗೆ ಬರುವುದು, ಇಳಿದು ಮೇಲಕ್ಕೆ ದೂಡಿಕೊಂಡು ಹೋಗುವುದು, ಮತ್ತೆ ಬರುವುದು. ಕಣ್ಣು ಮುಂದಿನ ಚಕ್ರದ ಮೇಲಿದ್ದಾಗಲೆಲ್ಲ ಸೈಕಲು ವಾಲಿತು. ಬಚ್ಚಲಿನ ಗೋಡೆ ನೋಡಿ ಎಂದೆ. ವಾಲಿದ ಕಡೆಗೇ ಹ್ಯಾಂಡಲ್ ತಿರುಗಿಸಿ ಎಂದೆ. ಎಡಕ್ಕೆ ಬೀಳುವ ಹಾಗಾದರೆ ಬಲಕ್ಕೆ ಎಳೆಯಬೇಕೆಂದು ಮನಸ್ಸು ಹೇಳುತ್ತದೆ, ಆದರೆ ಎಡಕ್ಕೇ ತಿರುಗಿಸಿದರೆ ಚಕ್ರ ಮೈಯ ಅಡಿಗೆ ಬಂದು ಎತ್ತಿ ನಿಲ್ಲಿಸುತ್ತದೆ. ಐದನೇ ದಿನ ಸಂಜೆ ತುಳಸಿಕಟ್ಟೆಯ ಹತ್ತಿರ ಎತ್ತಿದ ಕಾಲು ಬಚ್ಚಲಿನ ಗೋಡೆಯವರೆಗೆ ನೆಲ ಮುಟ್ಟಲಿಲ್ಲ. ಪೆಡಲು ಮತ್ತೆ ಹಾಕಿದ್ದು ಮರುದಿನ. ಅರ್ಧ ಗಂಟೆಯಲ್ಲಿ ತುಳಿದರು. ಬಿದ್ದದ್ದು ಎರಡೇ ಸಲ, ಎರಡೂ ನಾನು ಕ್ಯಾರಿಯರ್ ಹಿಡಿದಿದ್ದ ದಿನಗಳಲ್ಲಿ.

ನಗುವವರ ವಿಷಯ. ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1991ರ ಹೊತ್ತಿಗೆ ಸಾಕ್ಷರತಾ ಆಂದೋಲನ ನಡೆದಾಗ, ಓದುಬರಹದ ಜೊತೆ ಸೈಕಲನ್ನೂ ಕಲಿಸಿದರು. ಆಗ ಜಿಲ್ಲಾಧಿಕಾರಿಯಾಗಿದ್ದ ಶೀಲಾ ರಾಣಿ ಚುಂಕತ್ ಅದಕ್ಕೆ ಬೆನ್ನು ಕೊಟ್ಟರು. ಹೊಲದ ಕೂಲಿಯವರು, ಕಲ್ಲುಕೋರೆಯವರು, ಅಂಗನವಾಡಿಯವರು, ಹೀಗೆ ಸಾವಿರಾರು ಹೆಂಗಸರು ಕಲಿತರು. ಅವರನ್ನೂ ನಕ್ಕರು, ನಗುವುದಕ್ಕಿಂತ ಕೆಟ್ಟ ಮಾತೂ ಆಡಿದರು. ಅವರು ತುಳಿದುಕೊಂಡೇ ಹೋದರು. ಹೆಂಗಸರ ಸೈಕಲು ಸಿಗದೆ ಗಂಡಸರ ಸೈಕಲನ್ನೇ ಹತ್ತಿದವರಲ್ಲಿ ಕೆಲವರಿಗೆ ಅದೇ ಹೆಚ್ಚು ಹಿಡಿಸಿತು, ಸೀಟಿಗೂ ಹ್ಯಾಂಡಲಿಗೂ ನಡುವಿನ ದಂಡದ ಮೇಲೆ ಮಗುವನ್ನು ಕೂರಿಸಬಹುದಲ್ಲ! ನೀವು ಮಾತ್ರ ಮಗಳ ಸೈಕಲಿನಲ್ಲೇ ಕಲಿಯಿರಿ. ನಡುವೆ ದಂಡವಿಲ್ಲದ್ದು ಸೀರೆಗೆ ಒಳ್ಳೆಯದು. ಸೆರಗನ್ನು ಸೊಂಟಕ್ಕೆ ಸುತ್ತಿ ಪಿನ್ನು ಹಾಕಿ. ಚೈನಿಗೆ ಪೂರ್ತಿ ಮುಚ್ಚುವ ಕವರ್, ಹಿಂದಿನ ಚಕ್ರದ ಮೇಲ್ಭಾಗಕ್ಕೆ ಎರಡೂ ಬದಿ ಬಲೆ ಇಲ್ಲದೆ ಸೀರೆಯಲ್ಲಿ ರಸ್ತೆಗೆ ಇಳಿಯಲೇಬೇಡಿ. ಸೆರಗು ಕಡ್ಡಿಗೆ ಸಿಕ್ಕಿದರೆ ಬ್ರೇಕು ಹಿಡಿಯುವಷ್ಟೂ ಸಮಯ ಇರುವುದಿಲ್ಲ. ಚೂಡಿದಾರವಾದರೆ ಬಲಗಾಲಿನ ಪ್ಯಾಂಟಿಗೆ ಒಂದು ರಬ್ಬರ್ ಬ್ಯಾಂಡು ಹಾಕಿದರಾಯಿತು.

ಇನ್ನು ರಸ್ತೆ. ನಿಮ್ಮ ಹೊಳೆ ನನಗೆ ಗೊತ್ತು. ಜೋರು ಮಳೆಯಲ್ಲಿ ಮಧೂರು ದೇವಸ್ಥಾನದ ಅಂಗಳಕ್ಕೇ ನುಗ್ಗುವ ನೀರು ನಿಮ್ಮ ರಸ್ತೆಯನ್ನು ಬಿಡುತ್ತದೆಯೇ? ಕೆಂಪು ನೀರು ನಿಂತಾಗ ರಸ್ತೆ ಎಲ್ಲಿ ಮುಗಿಯಿತು, ಬದಿಯ ತೋಡು (ನೀರಿನ ಕಾಲುವೆ) ಎಲ್ಲಿ ಶುರುವಾಯಿತು ಎಂಬುದು ಊರವರಿಗೂ ಕಾಣುವುದಿಲ್ಲ. ಅಂಥ ದಿನ ಸೈಕಲು ಮನೆಯಲ್ಲೇ ಇರಲಿ. ನೀರಿಗಿಂತಲೂ ಮೋಸದ್ದು ಹಾವಸೆ. ತೋಟದ ನೆರಳು ಬೀಳುವ ಕಾಂಕ್ರೀಟು ರಸ್ತೆಯ ಅಂಚಿನಲ್ಲಿ ಮಳೆಗಾಲದ ಆಟಿ ತಿಂಗಳಿನಿಂದ ನವರಾತ್ರಿಯವರೆಗೂ ಹಸಿರು ಲೇಪ ಹಾಗೇ ಇರುತ್ತದೆ. ಅದರ ಮೇಲೆ ತಿರುಗಿಸಬೇಡಿ, ಬ್ರೇಕು ಹಿಡಿಯಬೇಡಿ, ನೆಟ್ಟಗೆ ದಾಟಿ. ಬಿದ್ದ ಅಡಿಕೆ ಸೋಗೆ, ಅಡಿಕೆ ಹಾಳೆಯೂ ಹಾಗೆಯೇ. ರಿಮ್ಮು ಒದ್ದೆಯಾದಾಗ ಬ್ರೇಕು ತಡವಾಗಿ ಹಿಡಿಯುತ್ತದೆ, ಆದ್ದರಿಂದ ತಿರುವಿಗೆ ತುಂಬ ಮೊದಲೇ ಹಗುರಾಗಿ ಹಿಡಿದು ನೀರು ಒರೆಸಿಕೊಳ್ಳಿ. ಸವಾರಿ ಯಾವಾಗಲೂ ಎಡಬದಿಯಲ್ಲೇ. ಎದುರು ಬರುವ ವಾಹನ ಕಾಣಲಿ ಎಂದು ಬಲಕ್ಕೆ ಹೋಗುವುದು ನಡೆಯುವವರಿಗೆ ಸರಿ, ಸೈಕಲಿಗೆ ಅಪಾಯ. ನಾಯಿ ಅಟ್ಟಿಸಿ ಬಂದರೆ ಓಡಿಸಬೇಡಿ, ಇಳಿದು ಸೈಕಲನ್ನು ಅಡ್ಡ ಹಿಡಿದು ನಡೆಯಿರಿ.

ಸಂಕದ (ಕಿರುಸೇತುವೆಯ) ಹತ್ತಿರದ ತಿರುವಿನಲ್ಲಿ ತೋಡಿಗೆ ಚಪ್ಪಡಿಯೇ ಇಲ್ಲ, ಪಂಚಾಯತಿಗೆ ಎರಡು ಸಲ ಬಾಯಲ್ಲಿ ಹೇಳಿದರೂ ಆಗಲಿಲ್ಲ ಎಂದಿದ್ದೀರಿ. ನಿಮ್ಮ ಕಾಗದದಲ್ಲಿ ನನ್ನನ್ನು ತುಂಬ ಕಾಡಿದ ಸಾಲು ಅದು. ಬಾಯಿಮಾತಿಗೆ ದಾಖಲೆಯಿಲ್ಲ, ಬರೆದು ಕೊಡಿ. ಮಲಯಾಳ ಬರೆಯಲು ಬಾರದು ಎಂದು ಹಿಂಜರಿಯಬೇಡಿ. ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ಕನ್ನಡದಲ್ಲೇ ಬರೆಯಿರಿ, ಎರಡು ಪ್ರತಿ ಮಾಡಿ, ಒಂದಕ್ಕೆ ಮೊಹರು ಹಾಕಿಸಿಕೊಂಡು ಬನ್ನಿ. ಗ್ರಾಮಸಭೆಯಲ್ಲಿ ಎದ್ದು ಅದನ್ನೇ ಓದಿ. ನಾಳೆ ಶಾಲೆಯ ಮಕ್ಕಳು ಬೀಳುವುದೂ ಅದೇ ತೋಡಿಗೆ. ಗಡಿಯ ತಲಪಾಡಿಯ ಆಚೆ 2006-07ರಿಂದ ಹಲವು ವರ್ಷ ಎಂಟನೇ ತರಗತಿಯ ಮಕ್ಕಳಿಗೆ ಕರ್ನಾಟಕ ಸರಕಾರ ಸೈಕಲು ಕೊಟ್ಟಿತು. ಗಡಿಯ ಈಚೆ ಅದೇ ಭಾಷೆಯಲ್ಲಿ ಓದುವ ನಮ್ಮ ಮಕ್ಕಳಿಗೆ ಆ ಸೈಕಲು ಬರಲಿಲ್ಲ. ಹೋಗಲಿ, ಅವರವರ ಸೈಕಲಿನಲ್ಲಿ ಹೋಗುವಷ್ಟು ರಸ್ತೆಯಾದರೂ ಅವರಿಗೆ ಸಿಗಬೇಡವೇ?

ಸ್ಕೂಟರು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಎರಡು ಕಿಲೋಮೀಟರಿಗೆ, ಅದೂ ಮಟ್ಟಸವಾದ ಹೊಳೆಬದಿಗೆ, ಲೈಸೆನ್ಸು, ವಿಮೆ, ಪೆಟ್ರೋಲು ಯಾವುದೂ ಕೇಳದ ವಾಹನ ನಿಮ್ಮ ಕೊಟ್ಟಿಗೆಯಲ್ಲೇ ಇದೆ. ಗುಡ್ಡೆಯ ಮೇಲೆ ಮನೆಯಾಗಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು.

ಆ ಸೈಕಲನ್ನು ಹಾಗೇ ಹತ್ತಬೇಡಿ. ವರ್ಷಗಟ್ಟಲೆ ಗಾಳಿಯಿಲ್ಲದೆ ನಿಂತ ಟಯರಿನ ಬದಿಯಲ್ಲಿ ಬಿರುಕು ಬಿಟ್ಟಿರುತ್ತದೆ. ಎರಡು ಟಯರು, ಎರಡು ಟ್ಯೂಬು, ಬ್ರೇಕಿನ ರಬ್ಬರು ಹೊಸದೇ ಆಗಲಿ. ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಮನೆಯಲ್ಲಿದೆ ಎಂದು ತೆಂಗಿನೆಣ್ಣೆ ಹಾಕಿದರೆ ಧೂಳು ಕೂತು ಅಂಟಾಗುತ್ತದೆ. ಮಳೆ ಬಿಟ್ಟ ಮೇಲೆ, ಹಣ್ಣಡಿಕೆ ಅಂಗಳಕ್ಕೆ ಬೀಳುವ ಮೊದಲು ನಿಮಗೆ ಕೆಲವು ವಾರ ಸಿಗುತ್ತದೆ. ನಿಮ್ಮ ಅಂಗಳ ಸಣ್ಣದಾದರೆ ನೆರೆಯವರದನ್ನು ಕೇಳಿ. ಅಷ್ಟರೊಳಗೆ ಸ್ಪ್ಯಾನರ್ ಒಂದನ್ನು ತಂದಿಟ್ಟುಕೊಳ್ಳಿ.