ಅಳಿವೆಯಲ್ಲಿ ಹೂಳೆತ್ತಿದರೆ ಮೀನು, ಮರುವಾಯಿಗೆ ಆಗುವ ಪೆಟ್ಟನ್ನು ಅಳೆಯುವುದು ಹೇಗೆ?

ಮಂಗಳೂರು ಹಳೆ ಬಂದರಿನ ಅಳಿವೆಯಲ್ಲಿ ಹೂಳೆತ್ತಿದರೆ ಕಡಲಜೀವಿಗಳಿಗೆ ಎಷ್ಟು ಪೆಟ್ಟು, ದಕ್ಕೆಗೆ ಬರುವ ಮೀನಿನ ಲೆಕ್ಕ ನೋಡಿದರೆ ಸಾಕೇ ಎಂದು ಕೇಳಿದ್ದೀರಿ.

ಸಾಲದು. ಬೂತಾಯಿ, ಬಂಗುಡೆ ಈಜಿ ದೂರ ಹೋಗುತ್ತವೆ. ಹೂಳೆತ್ತದ ವರ್ಷಗಳಲ್ಲೂ ಬೂತಾಯಿ ಒಮ್ಮೆ ರಾಶಿ ಬೀಳುತ್ತದೆ, ಇನ್ನೊಮ್ಮೆ ಸಿಗುವುದೇ ಇಲ್ಲ. ಪೆಟ್ಟು ಕಾಣುವುದು ಓಡಲಾಗದ ಜೀವಿಗಳಲ್ಲಿ: ಮರುವಾಯಿ (ಕೆಸರಿನಲ್ಲಿ ಹುದುಗಿರುವ ಚಿಪ್ಪುಜೀವಿ), ಕೆಸರಿನ ಹುಳು, ಸಣ್ಣ ಏಡಿ. ನಂಗ್ ಮೀನು, ಸಿಗಡಿಗಳಿಗೆ ಮೇವೂ ಇವೇ.

ಯಂತ್ರ ಇಳಿಯುವ ಮೊದಲಿನ ಲೆಕ್ಕ ಇಲ್ಲದಿದ್ದರೆ ಆಮೇಲಿನ ಲೆಕ್ಕದಿಂದ ಏನೂ ಸಾಬೀತಾಗದು. ನೇತ್ರಾವತಿ, ಗುರುಪುರ ನದಿಗಳು ಸೇರಿ ಕಡಲಿಗೆ ಬೀಳುವ ಜಾಗ ಇದು. ಮಳೆಗಾಲದಲ್ಲಿ ನೀರು ತಾನಾಗಿಯೇ ಕದಡುತ್ತದೆ, ಉಪ್ಪಿನಂಶ ಕುಸಿದು ಮರುವಾಯಿ ಸಾಯುವುದೂ ಉಂಟು. ಮಳೆಗಾಲದ ಕೊನೆಗೆ ಆಮ್ಲಜನಕ ಕಡಿಮೆಯಿರುವ ಆಳದ ನೀರು ದಡದತ್ತ ಬರುತ್ತದೆ. ಸೆಪ್ಟೆಂಬರಿನಲ್ಲಿ ಒಂದೇ ಸಲ ಅಳೆದರೆ ಈ ಎಲ್ಲವೂ ಹೂಳೆತ್ತುವಿಕೆಯ ಖಾತೆಗೆ ಬೀಳುತ್ತದೆ. ಆದ್ದರಿಂದ ಮೊದಲೇ ನವೆಂಬರ್ ಮತ್ತು ಏಪ್ರಿಲ್ ಎರಡರಲ್ಲೂ ಅಳೆಯಿರಿ. ಹೂಳೆತ್ತುವ ಜಾಗ, ಹೂಳು ಸುರಿಯುವ ಜಾಗ, ಕದಡು ಹರಿಯುವ ದಾರಿಯಲ್ಲಿ 500 ಮೀಟರ್, 1 ಮತ್ತು 2 ಕಿ.ಮೀ. ದೂರ ಇವಿಷ್ಟು ಬೇಕು. ಜೊತೆಗೆ ಅದೇ ಆಳ, ಅದೇ ಬಗೆಯ ತಳವಿದ್ದು ಕದಡು ತಲುಪದ ಎರಡು ಹೋಲಿಕೆಯ ಜಾಗ. ಹಣ ಸಾಲದಿದ್ದರೆ ಬೇರೆ ಯಾವುದನ್ನಾದರೂ ಕೈಬಿಡಿ, ಹೋಲಿಕೆಯ ಜಾಗಗಳನ್ನಲ್ಲ.

ಪ್ರತಿ ಜಾಗದಲ್ಲಿ ವ್ಯಾನ್ ವೀನ್ ಗ್ರ್ಯಾಬ್‌ನಿಂದ (ತಳಕ್ಕಿಳಿದು ಎರಡು ದವಡೆಗಳಲ್ಲಿ ಕೆಸರು ಕಚ್ಚಿ ತರುವ ಉಪಕರಣ) ಕನಿಷ್ಠ 3, ಸಾಧ್ಯವಾದರೆ 5 ಸಲ ಕೆಸರು ತೆಗೆಯಿರಿ. ದವಡೆಗೆ ಚಿಪ್ಪೋ ಕಲ್ಲೋ ಸಿಕ್ಕಿ ಕೆಸರು ಸೋರಿದ್ದರೆ, ಗಟ್ಟಿ ಮರಳಿನಲ್ಲಿ ಗ್ರ್ಯಾಬ್ 5 ಸೆಂ.ಮೀ. ಕೂಡ ಕಚ್ಚದಿದ್ದರೆ ಅದನ್ನು ಚೆಲ್ಲಿ ಮತ್ತೆ ತೆಗೆಯಬೇಕು. 0.5 ಮಿ.ಮೀ. ಜರಡಿಯಲ್ಲಿ ಮೆಲ್ಲಗೆ ತೊಳೆಯಿರಿ, ಪೈಪಿನ ರಭಸಕ್ಕೆ ಹುಳುಗಳು ತುಂಡಾಗುತ್ತವೆ. ತುಂಡಾದವುಗಳಲ್ಲಿ ತಲೆಗಳನ್ನಷ್ಟೇ ಎಣಿಸಿ. ಮಾದರಿ ಕೆಡದಂತೆ ಹಾಕುವ ಫಾರ್ಮಲಿನ್‌ಗೆ ಬೋರಾಕ್ಸ್ ಬೆರೆಸದಿದ್ದರೆ ಅದರ ಆಮ್ಲ ಎಳೆ ಮರುವಾಯಿಯ ಚಿಪ್ಪನ್ನೇ ಕರಗಿಸುತ್ತದೆ. ಎಷ್ಟೋ ಮಾದರಿಗಳು ಹಾಳಾಗುವುದು ಇಲ್ಲೇ. ಒಟ್ಟು ಸಂಖ್ಯೆ ನೋಡಿ ಸಮಾಧಾನಪಡಬೇಡಿ. ಕ್ಯಾಪಿಟೆಲ್ಲಾದಂಥ ಹುಳುಗಳು ಕೆಟ್ಟ ತಳದಲ್ಲೇ ಹೆಚ್ಚುತ್ತವೆ. ಜಾತಿಗಳ ಸಂಖ್ಯೆ ಕುಸಿದಿದ್ದರೂ ಒಟ್ಟು ಎಣಿಕೆ ಏರಿರಬಹುದು.

ಕದಡನ್ನು ಮೇಲ್ಮೈಯಲ್ಲಿ ಮಾತ್ರ ಅಳೆಯುವುದು ದೊಡ್ಡ ತಪ್ಪು, ಏಕೆಂದರೆ ದಟ್ಟ ಕದಡು ತಳದಲ್ಲೇ ಸಾಗುತ್ತದೆ. ಮೇಲೆ, ನಡುವೆ, ತಳದಿಂದ 1 ಮೀಟರ್ ಮೇಲೆ, ಹೀಗೆ ಮೂರು ಕಡೆ ನೀರು ತೆಗೆಯಿರಿ. ಭರತ, ಇಳಿತ ಎರಡರಲ್ಲೂ ತೆಗೆಯಬೇಕು. ಕದಡು ಅಳೆಯುವ ಮೀಟರಿನ ಎನ್‌ಟಿಯು (ಕದಡಿನ ಅಳತೆಯ ಮಾನ) ಅಂಕಿಯನ್ನು ನೇರವಾಗಿ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಓದುವಂತಿಲ್ಲ. ಅಷ್ಟೇ ತೂಕದ ಮರಳಿಗಿಂತ ನಯವಾದ ಜೇಡಿ ಹೆಚ್ಚು ಅಂಕಿ ತೋರಿಸುತ್ತದೆ. ಅದೇ ನೀರನ್ನು 0.45 ಮೈಕ್ರಾನ್ ಕಾಗದದಲ್ಲಿ ಸೋಸಿ, 105 ಡಿಗ್ರಿಯಲ್ಲಿ ಒಣಗಿಸಿ ತೂಗಿ, ನಿಮ್ಮ ಜಾಗದ್ದೇ ಹೋಲಿಕೆ ಮಾಡಿಕೊಳ್ಳಿ.

ಬಂದರಿನ ಹೂಳಿನಲ್ಲಿ ದೋಣಿ ಬಣ್ಣದ ತಾಮ್ರ, ಎಣ್ಣೆ ಸೇರಿರುತ್ತವೆ. ಹಳೆಯ ಪದರಗಳಲ್ಲಿ, ಹಡಗಿನ ತಳಕ್ಕೆ ಜೀವಿಗಳು ಅಂಟದಂತೆ ಬಣ್ಣಕ್ಕೆ ಬೆರೆಸುತ್ತಿದ್ದ ಟ್ರೈಬ್ಯುಟೈಲ್ ತವರ ಎಂಬ ವಿಷವೂ ಇರಬಹುದು. 2008ರಿಂದ ಹಡಗಿನ ಬಣ್ಣದಲ್ಲಿ ಅದಕ್ಕೆ ಜಾಗತಿಕ ನಿಷೇಧವಿದೆ. ಹಾಗಾಗಿ ಮೇಲಿನ ಕೆಸರು ಸಾಲದು, ಎಷ್ಟು ಆಳ ತೋಡುತ್ತಾರೋ ಅಷ್ಟು ಆಳದವರೆಗೂ ಕೊಳವೆ ಇಳಿಸಿ ಮಾದರಿ ತೆಗೆಯಬೇಕು. ಆ ಕೆಸರಿನ 1 ಭಾಗಕ್ಕೆ 4 ಭಾಗ ಕಡಲ ನೀರು ಸೇರಿಸಿ, 30 ನಿಮಿಷ ಕಲಕಿ, 1 ಗಂಟೆ ತಿಳಿಯಾಗಲು ಬಿಟ್ಟು ಸೋಸಿದರೆ ನೀರಿಗೆ ಬಿಡುಗಡೆಯಾಗುವ ಲೋಹ, ಅಮೋನಿಯಾ ಗೊತ್ತಾಗುತ್ತದೆ.

ಕೆಲಸ ನಡೆಯುವಾಗ ಹೂಳು ಹೀರುವ ಹಡಗಿನ ತೊಟ್ಟಿ ತುಂಬಿ ಹೊರಚೆಲ್ಲುವ ನೀರನ್ನು ಗಮನಿಸಿ, ಕದಡಿಗೆ ಅದೇ ಮುಖ್ಯ ಮೂಲ. ಸುತ್ತ ಹೂಳುತಡೆ ಪರದೆ ಕಟ್ಟುತ್ತೇವೆ ಎಂದರೆ ಸೆಳೆತ ಎಷ್ಟಿದೆ ಎಂದು ಕೇಳಿ. ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ದಾಟಿದರೆ ಪರದೆ ಎದ್ದು ಬರುತ್ತದೆ, ಇಳಿತದ ಹೊತ್ತಿನ ಅಳಿವೆಯಲ್ಲಿ ಅದನ್ನು ನಾನಂತೂ ನಂಬುವುದಿಲ್ಲ.

ಮುಗಿದ ಮೇಲೆ 1, 6, 12 ತಿಂಗಳಿಗೆ ಮತ್ತೆ ಅಳೆಯಿರಿ. ಕೆಸರು ತಳ ಸಾಮಾನ್ಯವಾಗಿ ಆರೆಂಟು ತಿಂಗಳಲ್ಲಿ ಚೇತರಿಸಿಕೊಳ್ಳುತ್ತದೆ, ಮರಳು-ಜಲ್ಲಿ ತಳಕ್ಕೆ 2–3 ವರ್ಷ ಬೇಕಾಗಬಹುದು. ಪ್ರತಿ ವರ್ಷ ತೋಡಿದರೆ ಚೇತರಿಕೆಗೆ ಸಮಯವೇ ಸಿಗದು.

ಕಾಗದಪತ್ರದ ವಿಷಯ: 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ, ನಿರ್ವಹಣಾ ಹೂಳೆತ್ತುವಿಕೆಗೆ (ಇರುವ ಆಳವನ್ನು ಉಳಿಸಿಕೊಳ್ಳಲು ಮತ್ತೆ ಮತ್ತೆ ಎತ್ತುವುದು) ಪರಿಸರ ಅನುಮೋದನೆಯಿಂದ ವಿನಾಯಿತಿ ಸಿಗುವುದು ಅದು ಅನುಮೋದನೆ ಪಡೆದ ಮೂಲ ಯೋಜನೆಯಲ್ಲೇ ಸೇರಿದ್ದರೆ ಮಾತ್ರ. ಅನುಮೋದನೆ ಇದ್ದರೆ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಅರ್ಧವಾರ್ಷಿಕ ಪಾಲನಾ ವರದಿ ಸಲ್ಲಿಸಬೇಕು, ಅದು ಸಾರ್ವಜನಿಕ ದಾಖಲೆ. ಅದನ್ನು ತರಿಸಿಕೊಂಡು, ಹೋಲಿಕೆಯ ಜಾಗದ ಅಂಕಿಗಳಿವೆಯೇ ಎಂದು ಮೊದಲು ನೋಡಿ.