ದುರ್ಗದಲ್ಲೊಂದು ಒಂಬತ್ತು

'ನಾಗರಹಾವು' ವಿಮರ್ಶೆ ಹುಡುಕಲು 1972 ಅಂತ ಹಾಕಿದರೆ ಲೈಬ್ರರಿ ಡೇಟಾಬೇಸ್ ಸೊನ್ನೆ ತೋರಿಸುತ್ತಿದೆ, ಆಗ ಯಾರೂ ಬರೆದೇ ಇಲ್ಲವಾ ಅಂತ ಕೇಳಿದ್ದೀರಿ. ಬರೆಯದೆ ಇರ್ತಾರಾ! ಸಿನಿಮಾ ತೆರೆಗೆ ಬಂದದ್ದೇ ಡಿಸೆಂಬರ್ ಕೊನೆಯಲ್ಲಿ. ವಿಮರ್ಶೆ ಅಚ್ಚಾಗುವಷ್ಟರಲ್ಲಿ 1973 ಬಂದಿರುತ್ತದೆ, ಅಲ್ವಾ? ವರ್ಷದ ಫಿಲ್ಟರ್ ತೆಗೆದು ನೋಡಿ. ಆಗ 2016ರ ಅದೇ ಹೆಸರಿನ ಸಿನಿಮಾ ನಡುವೆ ನುಗ್ಗುತ್ತದೆ. ಪುಟ್ಟಣ್ಣ ಕಣಗಾಲ್ ಹೆಸರು ಸೇರಿಸಿದರೆ ಅದರ ಕಾಟ ತಪ್ಪುತ್ತದೆ.

ಸ್ಕ್ಯಾನ್ ಮಾಡಿದ ಪುಟಗಳದ್ದು ಬೇರೆಯೇ ಗೋಳು. ನಾನು ಚಿತ್ರದುರ್ಗದವನು, ಒಮ್ಮೆ ಸುಮ್ನೆ 'ದುರ್ಗ' ಅಂತ ಹುಡುಕಿದೆ. ಪದ ಕಣ್ಣೆದುರಿಗೇ ಇದೆ, ಡೇಟಾಬೇಸ್ ಮಾತ್ರ ಇಲ್ಲ ಅನ್ನುತ್ತಿದೆ. ಕಾಪಿ ಮಾಡಿ ನೋಡಿದರೆ 'ದುಗ೯'. ಸ್ಕ್ಯಾನ್ ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ ಅರ್ಕಾವತ್ತನ್ನು ಒಂಬತ್ತು ಅಂತ ಓದಿತ್ತು! ಅರ್ಕಾವತ್ತಿಲ್ಲದ ಪದ ಹಾಕಿ ಹುಡುಕಿ.