ಸ್ಪ್ಯಾಮ್ ಬ್ಲಾಕ್‌ಲಿಸ್ಟ್ ಫ್ರೀಯಾಗಿ ಕೊಡೋರಿಗೆ ದುಡ್ಡು ಎಲ್ಲಿಂದ ಬರುತ್ತೆ?

ಸ್ಪ್ಯಾಮ್ ಬ್ಲಾಕ್‌ಲಿಸ್ಟ್ ಅಂದ್ರೆ ಬೇಡದ ಮೇಲ್ ಕಳಿಸೋ ಕಂಪ್ಯೂಟರ್‌ಗಳ ಐಪಿ (ಇಂಟರ್ನೆಟ್ ವಿಳಾಸ) ಪಟ್ಟಿ, ಮೇಲ್ ಸರ್ವರ್‌ಗಳು ಇದನ್ನ ನೋಡಿ ಮೇಲ್ ತಡೀತವೆ. ಚಿಕ್ಕದಾಗಿ ಹೇಳ್ಬೇಕಂದ್ರೆ, ಜಾಸ್ತಿ ಬಳಸೋರು ಕೊಡ್ತಾರೆ, ಕಮ್ಮಿ ಬಳಸೋರಿಗೆ ಫ್ರೀ. 1998ರಲ್ಲಿ ಶುರುವಾದ, ಇಂಥ ಪಟ್ಟಿ ಕೊಡೋ ಸ್ಪ್ಯಾಮ್‌ಹಾಸ್ ಸಂಸ್ಥೆ ಉಳ್ಕೊಂಡಿರೋದು ಹೀಗೇನೆ, ಸಣ್ಣ ಮೇಲ್ ಸರ್ವರ್ ಇಟ್ಕೊಂಡೋರು ಲಾಭಕ್ಕಲ್ದೆ ಬಳಸಿದ್ರೆ ಒಂದು ಮಿತಿವರೆಗೂ ಕಾಸು ಕೇಳಲ್ಲ, ದಿನಕ್ಕೆ ಲಕ್ಷಗಟ್ಟಲೆ ಡಿಎನ್‌ಎಸ್ ಕ್ವೆರಿ (ಈ ಐಪಿ ಪಟ್ಟಿಯಲ್ಲಿದೆಯಾ ಅಂತ ಕೇಳೋ ಪ್ರಶ್ನೆ) ಹೊಡಿಯೋ ದೊಡ್ಡ ಕಂಪನಿಗಳು ಡೇಟಾ ಫೀಡ್‌ಗೆ (ಪಟ್ಟಿಯ ಮಾಹಿತಿ ನಿರಂತರವಾಗಿ ಸಿಗೋ ವ್ಯವಸ್ಥೆಗೆ) ದುಡ್ಡು ಕಟ್ಬೇಕು. ನೀವು ಗೂಗಲ್‌ನ 8.8.8.8 ಅನ್ನೋ ಎಲ್ಲರೂ ಬಳಸೋ ಡಿಎನ್‌ಎಸ್ ಸರ್ವರ್ ಮೂಲಕ ಕೇಳಿದ್ರೆ ಸರಿಯಾದ ಉತ್ತರ ಸಿಗದೇ ಇರೋದಕ್ಕೂ ಇದೇ ಕಾರಣ, ಯಾರು ಎಷ್ಟು ಕೇಳ್ತಿದ್ದಾರೆ ಅಂತ ಸ್ಪ್ಯಾಮ್‌ಹಾಸ್‌ಗೆ ಗೊತ್ತಾಗಲ್ಲ. ಸ್ವಂತ ರಿಸಾಲ್ವರ್ (ಡಿಎನ್‌ಎಸ್ ಪ್ರಶ್ನೆ ಕೇಳಿ ಉತ್ತರ ತರೋ ಸರ್ವರ್) ಹಾಕ್ಕೊಳ್ಳಿ.

ಬರೀ ದೇಣಿಗೆ ನೆಚ್ಕೊಂಡ್ರೆ ಕಷ್ಟ, ಯಾಕಂದ್ರೆ ಖರ್ಚು ಬರೀ ಸರ್ವರ್‌ದಲ್ಲ, ತಪ್ಪಾಗಿ ಸೇರಿದ ಐಪಿ ತೆಗೀರಿ ಅಂತ ಬರೋ ಮನವಿಗಳನ್ನ ದಿನಾ ಯಾರಾದ್ರೂ ಕೂತು ನೋಡ್ಬೇಕು, ಮೇಲಿಂದ ದಾಳಿ ಬೇರೆ. 2013ರ ಮಾರ್ಚ್‌ನಲ್ಲಿ ಸ್ಪ್ಯಾಮ್‌ಹಾಸ್ ಮೇಲೆ ಸೆಕೆಂಡಿಗೆ ಸುಮಾರು 300 ಗಿಗಾಬಿಟ್‌ನ ಡಿಡಾಸ್ (ಒಂದೇ ಸಲ ಎಷ್ಟೋ ಕಡೆಯಿಂದ ಟ್ರಾಫಿಕ್ ಸುರಿದು ಸರ್ವರ್ ಕೆಡವೋ ದಾಳಿ) ಬಂದಾಗ, ಇಂಥ ದಾಳಿ ತಡೆಯೋ ಕ್ಲೌಡ್‌ಫ್ಲೇರ್ ಕಂಪನಿ ನೆರವಿಗೆ ನಿಲ್ತು. ಯೂನಿವರ್ಸಿಟಿ ಆಸರೆನೂ ಒಂದು ದಾರಿ, ಆದ್ರೆ ಅದೂ ಶಾಶ್ವತ ಅಲ್ಲ: ಸೋರ್ಬ್ಸ್ ಅನ್ನೋ ಇನ್ನೊಂದು ಬ್ಲಾಕ್‌ಲಿಸ್ಟ್‌ಗೆ 2009ರಲ್ಲಿ ಕ್ವೀನ್ಸ್‌ಲ್ಯಾಂಡ್ ಯೂನಿವರ್ಸಿಟಿಯ ಹೋಸ್ಟಿಂಗ್ ತಪ್ಪೋಯ್ತು, ಆಮೇಲೆ ಕಂಪನಿಗಳ ಕೈಗೆ ಹೋಗಿ ಕೊನೆಗೆ 2024ರ ಜೂನ್‌ನಲ್ಲಿ ಮುಚ್ತು.

ನನಗೆ ನಿಜವಾಗ್ಲೂ ಭಯ ಆಗೋದು ಮುಚ್ಚಿದ ಮೇಲೆ ಏನಾಗುತ್ತೆ ಅನ್ನೋದು. ಓಆರ್‌ಡಿಬಿ ಅನ್ನೋ ಹಳೇ ಬ್ಲಾಕ್‌ಲಿಸ್ಟ್ 2006ರ ಡಿಸೆಂಬರ್‌ನಲ್ಲೇ ನಿಂತಿತ್ತು, ಆದ್ರೂ ಜನ ಅದನ್ನ ತಮ್ಮ ಸರ್ವರ್ ಸೆಟ್ಟಿಂಗ್‌ನಿಂದ ತೆಗೀಲಿಲ್ಲ, 2008ರಲ್ಲಿ ಅದು ಕೇಳಿದ ಎಲ್ಲಾ ಐಪಿಗೂ 'ಲಿಸ್ಟ್‌ನಲ್ಲಿದೆ' ಅಂತ ಹೇಳೋಕೆ ಶುರು ಮಾಡ್ತು, ಇನ್ನೂ ಅದನ್ನೇ ನೆಚ್ಕೊಂಡಿದ್ದೋರ ಮೇಲ್ ಎಲ್ಲಾ ವಾಪಸ್ ಹೋಯ್ತು. ಅದಕ್ಕೇ ನಿಮ್ಮ ಸರ್ವರ್‌ನಲ್ಲಿರೋ ಲಿಸ್ಟ್‌ಗಳು ಇನ್ನೂ ಜೀವಂತ ಇವೆಯಾ ಅಂತ ಇವತ್ತೇ ನೋಡಿ.